ಕೈಯಲ್ಲಿ ಮಾಡಿದ ಗಿಟಾರ್: ಪಾಲಿಶ್‌ನಿಂದ ಮೊದಲ ನುಡಿಸಾಟದವರೆಗೆ

ಡಬ್ಬ ಅಂಟಿಸಿ ಆಯಿತು. ಕತ್ತು ಕೂತಿತು. ಫ್ರೆಟ್, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಹೊಡೆದದ್ದೂ ಆಯಿತು. ಮನೆಯವರು ಬಂದು ನೋಡಿ "ಮುಗೀತಲ್ಲ, ಎಲ್ಲಿ ಒಂದ್ಸಲ ನುಡಿಸು" ಅನ್ನುತ್ತಾರೆ. ಮುಗಿದಿಲ್ಲ. ನನ್ನ ಲೆಕ್ಕದಲ್ಲಿ ಇನ್ನೂ ಎರಡು ತಿಂಗಳ ಕೆಲಸ ಇದೆ. ಅದರಲ್ಲಿ ಅರ್ಧ ಸುಮ್ನೆ ಕಾಯುವುದು.

ಈ ಹಂತದಲ್ಲಿ ಹಾಳಾಗುವ ಗಿಟಾರ್‌ಗಳು ಹೆಚ್ಚಾಗಿ ಕೈಚಳಕ ಸಾಲದೆ ಹಾಳಾಗುವುದಿಲ್ಲ. ಕ್ರಮ ತಪ್ಪಿ ಹಾಳಾಗುತ್ತವೆ. ಎರಡನೇ ಕೆಲಸವನ್ನು ಮೊದಲು ಮಾಡಿದರೆ ಮೊದಲನೆಯದನ್ನು ಮೂರು ಸಲ ಮಾಡಬೇಕಾಗುತ್ತದೆ. ಹಾಗಾಗಿ ನಾನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ. ಅಳತೆಗಳು ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್‌ಗೆ. ಮರ, ಮುಂದೆ ಸ್ಪ್ರೂಸ್ ಎಂಬ ಬೆಳ್ಳನೆ ಮೆದು ಮರ, ಹಿಂದೆ ಮತ್ತು ಪಕ್ಕಕ್ಕೆ ನಮ್ಮ ಬೀಟೆ.

ಮೊದಲು ಕ್ಯಾಲೆಂಡರ್ ನೋಡಿ

ನನ್ನ ಮೊದಲ ಗಿಟಾರನ್ನು ದಸರಾ ಹೊತ್ತಿಗೆ ಮುಗಿಸಲೇಬೇಕು ಅಂತ ಹಟ ಹಿಡಿದಿದ್ದೆ. ಮೈಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಸಂಜೆ ಮಳೆ ಖಾತ್ರಿ, ಅಲ್ವಾ? ಪಾಲಿಶ್ ಹಚ್ಚಿದೆ, ಹೊರಗೆ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ಬೀಟೆ ಮರದ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಪೊರೆ. ಅರಗಿನ ಪಾಲಿಶ್‌ನಲ್ಲಿರುವ ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿನ ನೀರು ಅಲ್ಲೇ ಇಳಿದು ಪಾಲಿಶ್ ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಆ ಬಿಳಿ.

ಒಣ ಬಿಸಿಲಿನ ದಿನ ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಓಡಿಸಿದರೆ ಅದು ಹೋಗುತ್ತದೆ. ಆದರೆ ಆ ತಲೆನೋವೇ ಬೇಡ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಪಾಲಿಶ್ ಕೆಲಸ ಇಟ್ಟುಕೊಳ್ಳಿ. ಬೆಳಿಗ್ಗೆ ಮಂಜು ಕರಗಿ ಹತ್ತು, ಹತ್ತೂವರೆ ಆದ ಮೇಲೆ ಶುರು ಮಾಡಿ ಸಂಜೆ ನಾಲ್ಕಕ್ಕೆ ನಿಲ್ಲಿಸಿ. ಮುನ್ನೂರು ನಾನೂರು ರೂಪಾಯಿಯ ತೇವಾಂಶ ಮಾಪಕ ಒಂದು ಕೋಣೆಯಲ್ಲಿರಲಿ. ಶೇ. 45ರಿಂದ 55 ಇದ್ದರೆ ಮರಕ್ಕೂ ಪಾಲಿಶ್‌ಗೂ ಒಳ್ಳೆಯದು. ಶೇ. 65 ದಾಟಿದ ದಿನ ಬೇರೆ ಕೆಲಸ ನೋಡಿಕೊಳ್ಳಿ.

ಕತ್ತಿನ ಕೋನ, ಬ್ರಿಡ್ಜ್ ಜಾಗ

ಪಾಲಿಶ್ ಡಬ್ಬಿ ಮುಚ್ಚಳ ತೆಗೆಯುವ ಮೊದಲು ಇದು. ಉದ್ದನೆಯ ನೇರ ಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಇಡಿ. ಅಂಟಿಸದೆ ಅದರ ಜಾಗದಲ್ಲಿ ಸುಮ್ನೆ ಇಟ್ಟ ಬ್ರಿಡ್ಜ್‌ನ (ಮುಂದಿನ ಹಲಗೆ ಮೇಲೆ ತಂತಿ ಕಟ್ಟುವ ಮರದ ತುಂಡಿನ) ಮೇಲ್ಭಾಗಕ್ಕೆ ಪಟ್ಟಿಯ ತುದಿ ಸರಿಯಾಗಿ ತಾಗಬೇಕು, ಅಥವಾ ಕೂದಲೆಳೆ ಮೇಲೆ ಹೋಗಬೇಕು. ಬ್ರಿಡ್ಜ್‌ಗೆ ಡಿಕ್ಕಿ ಹೊಡೆದರೆ ಕತ್ತು ತಗ್ಗಿದೆ ಎಂದರ್ಥ. ಅದನ್ನು ಈಗಲೇ ಸರಿ ಮಾಡಿ. ಆಮೇಲೆ ಯಾವ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಮೂಳೆಯ ಪಟ್ಟಿ) ಕೂಡ ಅದನ್ನು ಉಳಿಸಲಾರದು.

ಬ್ರಿಡ್ಜ್ ಅಂದರೆ ವೀಣೆಯವರ ಕುದುರೆ. ಅದರ ಜಾಗವನ್ನು ಈಗಲೇ ಗುರುತು ಮಾಡಬೇಕು. ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ಜಾಡಿನ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ. 322.5 ಮಿ.ಮೀ. ಬಂದರೆ ಒಟ್ಟು 645. ಆದರೆ ಸ್ಯಾಡಲ್ ಅಲ್ಲೇ ಕೂರುವುದಿಲ್ಲ. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಎಳೆದು ಸ್ವರ ಏರುತ್ತದೆ, ದಪ್ಪ ತಂತಿಯಲ್ಲಿ ಇನ್ನೂ ಜಾಸ್ತಿ. ಅದನ್ನು ಸರಿದೂಗಿಸಲು ಒಂದನೇ, ಅಂದರೆ ತೀರಾ ತೆಳು ತಂತಿಯ ಬಳಿ ಸುಮಾರು 2 ಮಿ.ಮೀ., ಆರನೇ, ಅಂದರೆ ತೀರಾ ದಪ್ಪ ತಂತಿಯ ಬಳಿ ಸುಮಾರು 5 ಮಿ.ಮೀ. ಹಿಂದಕ್ಕೆ ಸರಿಸಬೇಕು. ಸ್ಯಾಡಲ್ ಓರೆಯಾಗಿ ಕಾಣುವುದು ಇದಕ್ಕೇ.

ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ಜಾರಿದರೆ ಮೇಣ ಬಿಸಿ ಮಾಡಿ ಮತ್ತೆ ಕೂರಿಸಬಹುದು. ಗಿಟಾರ್‌ನಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಮೂರು ಸಲ ಅಳೆಯಿರಿ. ಬ್ರಿಡ್ಜ್ ಆಕಾರಕ್ಕಿಂತ ಸುತ್ತಲೂ 1 ಮಿ.ಮೀ. ಚಿಕ್ಕದಾಗಿ ಮಾಸ್ಕಿಂಗ್ ಟೇಪ್ ಕತ್ತರಿಸಿ ಅಲ್ಲಿ ಅಂಟಿಸಿ. ಪಾಲಿಶ್ ಮೇಲೆ ಗೋಂದು ಹಿಡಿಯುವುದಿಲ್ಲ, ಬರಿ ಮರವೇ ಬೇಕು. ಫ್ರೆಟ್ ಕೂತಿರುವ ಪಟ್ಟಿಗೂ, ಅಂದರೆ ಫಿಂಗರ್‌ಬೋರ್ಡ್‌ಗೂ, ಟೇಪ್ ಸುತ್ತಿ.

ಉಜ್ಜುವುದು

ಬೇಜಾರಿನ ಕೆಲಸ, ಆದರೆ ಪಾಲಿಶ್‌ನ ಹಣೆಬರಹ ಇಲ್ಲೇ ಬರೆಯುವುದು. ಉಪ್ಪು ಕಾಗದ 120ರಿಂದ 180, 220, ಕೊನೆಗೆ 320. ಯಾವುದನ್ನೂ ಹಾರಿಸಬೇಡಿ. ಹಿಂದಿನ ಕಾಗದದ ಗೀರು ಪೂರ್ತಿ ಹೋದ ಮೇಲೆಯೇ ಮುಂದಿನದು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮರಕ್ಕೆ ಮಲಗಿಸಿದ ಹಾಗೆ ಹಿಡಿಯಿರಿ, ಪ್ರತಿ ಗೀರೂ ಎದ್ದು ಕಾಣುತ್ತದೆ.

ಸ್ಪ್ರೂಸ್ ಮೇಲೆ ಕೈ ಹಿಡಿತದಲ್ಲಿರಲಿ. ಮುಂದಿನ ಹಲಗೆ ಇರುವುದೇ 3 ಮಿ.ಮೀ. ಆಸುಪಾಸು. ಅಂಚಿನಲ್ಲಿ ಒತ್ತಿ ಉಜ್ಜಿದರೆ ಅಲ್ಲೇ ತೆಳ್ಳಗಾಗುತ್ತದೆ. ಕೊನೆಯಲ್ಲಿ ಒದ್ದೆ ಬಟ್ಟೆ ಒಂದು ಸಲ ಎಳೆದು, ಒಣಗಿದ ಮೇಲೆ ಎದ್ದ ನಾರನ್ನು 320ರಲ್ಲಿ ಹಗುರವಾಗಿ ತೆಗೆಯಿರಿ. ಮಾಸ್ಕ್ ಹಾಕದೆ ಬೀಟೆ ಉಜ್ಜಬೇಡಿ. ಅದರ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ ತರುತ್ತದೆ, ಮೂಗಿಗೂ ಒಳ್ಳೆಯದಲ್ಲ.

ಬೀಟೆಯ ಬಣ್ಣ, ಬೀಟೆಯ ರಂಧ್ರ

ಬೀಟೆಗೆ ಎರಡು ಚೇಷ್ಟೆ. ಒಂದು, ಅದರ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಬೀಟೆ ಮೇಲೆ ಓಡಿದ ಬಟ್ಟೆ ಸ್ಪ್ರೂಸ್‌ಗೋ ಬಿಳಿ ಅಂಚುಪಟ್ಟಿಗೋ ತಾಗಿದರೆ ನೇರಳೆ ಕಲೆ. ಆದ್ದರಿಂದ ಸ್ಪ್ರೂಸ್ ಮತ್ತು ಅಂಚುಪಟ್ಟಿಗೆ ಮೊದಲು ಚಿಕ್ಕ ಬ್ರಷ್‌ನಲ್ಲಿ ಎರಡು ತೆಳು ಪದರ ಅರಗಿನ ಪಾಲಿಶ್ ಹಚ್ಚಿ ಬೀಗ ಹಾಕಿ. ಬೀಟೆಗೂ ಸ್ಪ್ರೂಸ್‌ಗೂ ಬೇರೆ ಬೇರೆ ಬಟ್ಟೆ ಇರಲಿ.

ಎರಡು, ಬೀಟೆಯಲ್ಲಿ ಬಾಯಿಬಿಟ್ಟ ರಂಧ್ರಗಳು. ತುಂಬದೆ ಪಾಲಿಶ್ ಮಾಡಿದರೆ ಸೂಜಿ ಚುಚ್ಚಿದ ಹಾಗೆ ಕಾಣುತ್ತದೆ. ಬಾಗಿಲು ಕಿಟಕಿ ಪಾಲಿಶ್ ಮಾಡುವವರು ಸೀಮೆಸುಣ್ಣದ ಪುಡಿಗೆ ಬಣ್ಣ ಕಲಸಿ ತುಂಬುತ್ತಾರೆ. ಬಾಗಿಲಿಗೆ ಅದು ಸರಿ, ಗಿಟಾರ್‌ಗೆ ಬೇಡ, ಕೆಲವು ವರ್ಷಕ್ಕೆ ರಂಧ್ರ ಬೆಳ್ಳಗೆ ಕಾಣುತ್ತದೆ. ನಯವಾದ ಪ್ಯೂಮಿಸ್ (ಜ್ವಾಲಾಮುಖಿ ಕಲ್ಲಿನ) ಪುಡಿ ಚಿಟಿಕೆಯಷ್ಟು, ಸ್ಪಿರಿಟ್ ಜಾಸ್ತಿ, ಅರಗು ಸ್ವಲ್ಪ. ಬಟ್ಟೆಯ ಉಂಡೆಯಲ್ಲಿ ಸುತ್ತು ಸುತ್ತಾಗಿ ಉಜ್ಜಿ. ಪ್ಯೂಮಿಸ್ ಮರವನ್ನೇ ಸಣ್ಣಗೆ ಕೆರೆದು, ಆ ಪುಡಿಯನ್ನೇ ರಂಧ್ರಕ್ಕೆ ತುಂಬುತ್ತದೆ. ಬಣ್ಣ ತಾನಾಗಿ ಹೊಂದುತ್ತದೆ. ಎರಡು ಮೂರು ದಿನ ಹಿಡಿಯುತ್ತದೆ. ತಾಳ್ಮೆ ಇಲ್ಲದವರು ತೆಳು ಎಪಾಕ್ಸಿ ಅಂಟು ಬಳಿದು, ಒಣಗಿದ ಮೇಲೆ ಮರದವರೆಗೂ ಉಜ್ಜಿ ತೆಗೆಯಬಹುದು. ಅದೂ ತಪ್ಪಲ್ಲ. ಸ್ಪ್ರೂಸ್‌ಗೆ ಇದ್ಯಾವುದೂ ಬೇಕಿಲ್ಲ.

ಅರಗಿನ ಪಾಲಿಶ್

ಪಿಯು (ಪಾಲಿಯುರೆಥೇನ್), ಮೆಲಮೈನ್ ಪಾಲಿಶ್ ಯಾಕೆ ಬೇಡ ಅಂತ ಕೇಳುತ್ತಾರೆ. ಡೈನಿಂಗ್ ಟೇಬಲ್‌ಗೆ ಅವು ಭೇಷ್. ಗಿಟಾರ್‌ನ ಮುಂದಿನ ಹಲಗೆ ಅಲುಗಾಡಬೇಕು. ದಪ್ಪ ಪದರ ಬಳಿದರೆ ಕಂಬಳಿ ಹೊದಿಸಿದ ಹಾಗೆ. ಅರಗಿನದು ತೀರಾ ತೆಳು ಪದರ. ಗೀರಾದರೆ ಅಷ್ಟೇ ಜಾಗ ಮತ್ತೆ ಹಚ್ಚಬಹುದು, ಹೊಸದು ಹಳೆಯದರಲ್ಲಿ ಕರಗಿ ಸೇರುತ್ತದೆ. ಕೆಡುಕೂ ಇದೆ. ಬೆವರು, ಬಿಸಿ ಎರಡನ್ನೂ ಅದು ತಡೆಯುವುದಿಲ್ಲ.

ಅರಗು ಮೈಸೂರಿಗೆ ಹೊಸದಲ್ಲ ಬಿಡಿ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ನಮ್ಮ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು.

ಅರಗಿನ ಚಕ್ಕೆ 24 ಗ್ರಾಂ, ಸ್ಪಿರಿಟ್ 100 ಮಿ.ಲೀ. ಗಾಜಿನ ಬಾಟಲಿಯಲ್ಲಿ ಹಾಕಿ ಒಂದು ದಿನ ಬಿಡಿ, ಆಗಾಗ ಕುಲುಕಿ. ಮೇಣ ತೆಗೆದ ಚಕ್ಕೆ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಅಲುಗಿಸದೆ ಕೆಲವು ದಿನ ಇಡಿ. ಮೇಣ ತಳದಲ್ಲಿ ಕೂರುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಕೆಲವು ಸ್ಪಿರಿಟ್‌ನಲ್ಲಿ ನೀರಿರುತ್ತದೆ. ಶೇ. 99ರ ಐಸೊಪ್ರೊಪೈಲ್ ಸಿಕ್ಕರೆ ಅದು ವಾಸಿ, ಕರಗಲು ಸ್ವಲ್ಪ ಹೊತ್ತು ಜಾಸ್ತಿ ಅಷ್ಟೆ. ಥಿನ್ನರ್ ಮಾತ್ರ ಬೇಡ, ಅದು ಬೇರೆ ಪಾಲಿಶ್‌ಗೆ. ಕಲಸಿದ ಅರಗು ಆರು ತಿಂಗಳು ಬಂದರೆ ಹೆಚ್ಚು. ಅನುಮಾನ ಇದ್ದರೆ ಗಾಜಿನ ಮೇಲೆ ಒಂದು ಹನಿ ಬಿಡಿ. ಮರುದಿನ ಉಗುರು ಒತ್ತಿದರೆ ಗುರುತು ಬಿದ್ದರೆ ಚೆಲ್ಲಿಬಿಡಿ.

ಹಚ್ಚುವ ಉಂಡೆ ಹೀಗೆ: ಒಳಗೆ ಹತ್ತಿ ಅಥವಾ ಉಣ್ಣೆ, ಹೊರಗೆ ಒಗೆದು ಒಗೆದು ಸವೆದ ಪಂಚೆ ಬಟ್ಟೆ. ಹೊಸ ಬಟ್ಟೆಯ ನೂಲು ಗೀರು ಬೀಳಿಸುತ್ತದೆ. ಒಳಗಿನ ಹತ್ತಿಗೆ ಅರಗು ಕುಡಿಸಿ, ಹಿಂಡಿ, ಹೊರಗೆ ಬರಿ ತೇವ ಅನ್ನಿಸುವಷ್ಟು ಇರಲಿ. ಕೈಯ ಹಿಂಭಾಗಕ್ಕೆ ತಾಗಿಸಿದರೆ ತಂಪಾಗಬೇಕು, ಒದ್ದೆಯಾಗಬಾರದು.

ಇದನ್ನು ನನಗೆ ಹೇಳಿಕೊಟ್ಟವರು ಮಂಡಿ ಮೊಹಲ್ಲಾದಲ್ಲಿ ಬೀಟೆ ಕುಸುರಿ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು. ನಾನು ಒಂದು ಕಡೆ ಬಟ್ಟೆ ನಿಲ್ಲಿಸಿ ಯೋಚಿಸುತ್ತಿದ್ದೆ. "ನಿಲ್ಲಿಸಬೇಡಿ ಸಾರ್, ಅಂಟ್ಕೊಳ್ತದೆ. ವಿಮಾನ ಇಳಿದ ಹಾಗೆ ಬರಬೇಕು, ಹಂಗೇ ಏರ್ಬೇಕು" ಅಂದರು. ಅಷ್ಟೇ ಪಾಠ. ಬಟ್ಟೆ ಓಡುತ್ತಲೇ ಮರಕ್ಕೆ ತಾಗಬೇಕು, ಓಡುತ್ತಲೇ ಬಿಡಬೇಕು. ಮೊದಲು ಸುತ್ತು, ಆಮೇಲೆ ಎಂಟರ ಆಕಾರ, ಕೊನೆಗೆ ನೇರ. ಹಿಡಿಯುತ್ತಿದೆ ಅನ್ನಿಸಿದರೆ ಒಂದೇ ಒಂದು ಹನಿ ಆಲಿವ್ ಎಣ್ಣೆ. ಹೊಸಬರು ಮಾಡುವ ತಪ್ಪೆಂದರೆ ಎಣ್ಣೆ ಜಾಸ್ತಿ ಹಾಕುವುದು. ಥಳಥಳ ಅನ್ನುತ್ತದೆ, ಆದರೆ ಹೊಳೆಯುತ್ತಿರುವುದು ಎಣ್ಣೆ, ಅರಗಲ್ಲ.

ದಿನಕ್ಕೆ ಒಂದು ಕಡೆಗೆ ಮೂರ್ನಾಲ್ಕು ಸುತ್ತು ಸಾಕು. ಮೃದುವಾಯಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಹತ್ತು ಹನ್ನೆರಡು ದಿನದಲ್ಲಿ ಮೈ ಕಟ್ಟುತ್ತದೆ. ಒಂದು ವಾರ ಬಿಟ್ಟು 600, 1000ರ ಕಾಗದವನ್ನು ಒಂದು ಹನಿ ಎಣ್ಣೆಯಲ್ಲಿ ಹಗುರವಾಗಿ ಓಡಿಸಿ ಉಬ್ಬುತಗ್ಗು ತೆಗೆಯಿರಿ. ಮತ್ತೆ ಎರಡು ದಿನ ತೆಳು ಅರಗು. ಕೊನೆಯ ದಿನ ಬಟ್ಟೆಯಲ್ಲಿ ಬರಿ ಸ್ಪಿರಿಟ್, ಅದೂ ಬಹುತೇಕ ಒಣಗಿದ ಬಟ್ಟೆ, ನೇರ ಎಳೆತ. ಒಳಗಿನ ಎಣ್ಣೆ ಎದ್ದು ಹೋಗಿ ನಿಜವಾದ ಹೊಳಪು ಬರುತ್ತದೆ.

ಆಮೇಲೆ ಮೂರು ವಾರ ಮುಟ್ಟಬೇಡಿ. ಗೂಟಕ್ಕೆ ನೇತುಹಾಕಿ ಮರೆತುಬಿಡಿ. ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಟವೆಲ್ ಮೇಲೆ ಮಲಗಿಸಿದರೆ ಟವೆಲ್ಲಿನ ನೇಯ್ಗೆ ಅಚ್ಚು ಬೀಳುತ್ತದೆ. ಹೌದು, ಅನುಭವ.

ಫ್ರೆಟ್ ಸಮ ಮಾಡುವುದು

ಬ್ರಿಡ್ಜ್ ಇನ್ನೂ ಅಂಟಿಸಿಲ್ಲವಾದ್ದರಿಂದ ಈಗ ಕೈ ಸಲೀಸಾಗಿ ಓಡುತ್ತದೆ. ಕತ್ತಿನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಿ ಕತ್ತನ್ನು ನೇರ ಮಾಡಿ. ಡಬ್ಬದ ಮೇಲೆ ರಟ್ಟು ಮುಚ್ಚಿ. ಪ್ರತಿ ಫ್ರೆಟ್ ತಲೆಗೆ ಮಾರ್ಕರ್ ಬಳಿಯಿರಿ. ಸಮತಟ್ಟಾದ ಅಲ್ಯೂಮಿನಿಯಂ ಪಟ್ಟಿಗೆ 320ರ ಕಾಗದ ಅಂಟಿಸಿ, ಉದ್ದಕ್ಕೆ ಒತ್ತದೆ ಓಡಿಸಿ. ಎಲ್ಲ ಫ್ರೆಟ್‌ನ ಶಾಯಿ ಹೋದ ಕ್ಷಣ ನಿಲ್ಲಿಸಿ. ತಲೆ ಚಪ್ಪಟೆಯಾಗಿರುತ್ತದೆ. ಮತ್ತೆ ಶಾಯಿ ಬಳಿದು, ಫ್ರೆಟ್ ಅರದಿಂದ (ಫೈಲ್) ಎರಡೂ ಬದಿ ಕೆತ್ತಿ, ನಡುವೆ ಕೂದಲಿನಷ್ಟು ಶಾಯಿ ಗೆರೆ ಉಳಿಯುವ ಹಾಗೆ ದುಂಡು ಮಾಡಿ. ಆ ಗೆರೆಯನ್ನು ಅಳಿಸಿದರೆ ಎತ್ತರ ಮತ್ತೆ ಏರುಪೇರು. ಕೊನೆಗೆ 600ರಿಂದ 2000ವರೆಗಿನ ಕಾಗದ. ತುದಿಗಳನ್ನೂ ನಯ ಮಾಡಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ.

ಬ್ರಿಡ್ಜ್ ಅಂಟಿಸುವುದು

12ರಿಂದ 53ರ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಸಾಮಾನ್ಯ ಆರು ತಂತಿಗಳ ಸೆಟ್‌ನ ಒಟ್ಟು ಎಳೆತ 70 ಕೆ.ಜಿ. ದಾಟುತ್ತದೆ. ಹೆಚ್ಚು ಕಡಿಮೆ 25 ಕೆ.ಜಿ.ಯ ಮೂರು ಅಕ್ಕಿ ಚೀಲ. ಅದು ಹಗಲೂ ರಾತ್ರಿ ಈ ಚಿಕ್ಕ ಮರದ ತುಂಡನ್ನು ಎಳೆಯುತ್ತಿರುತ್ತದೆ.

ಮುಂದಿನ ಹಲಗೆ ಸ್ವಲ್ಪ ಉಬ್ಬಿರುತ್ತದೆ, ಬ್ರಿಡ್ಜ್ ತಳ ಚಪ್ಪಟೆ. ಬ್ರಿಡ್ಜ್ ಜಾಗದಲ್ಲಿ ಉಪ್ಪು ಕಾಗದವನ್ನು ಮೇಲ್ಮುಖವಾಗಿಟ್ಟು ಬ್ರಿಡ್ಜನ್ನು ಅದರ ಮೇಲೆ ಉಜ್ಜಿ, ತಳ ಅದೇ ಉಬ್ಬಿಗೆ ಹೊಂದಬೇಕು. ಟೇಪ್ ತೆಗೆದು, ಬ್ರಿಡ್ಜ್ ಸುತ್ತ ಗೆರೆ ಎಳೆದು, ಉಳಿದ ಆ ಒಂದು ಮಿಲಿಮೀಟರ್ ಪಾಲಿಶನ್ನು ಚೂಪಾದ ಉಳಿಯಿಂದ ಕೆರೆಯಿರಿ. ಮರದ ನಾರು ಕತ್ತರಿಸಬಾರದು. ತಂತಿ ಸಿಕ್ಕಿಸುವ ಪಿನ್ ತೂತುಗಳಲ್ಲಿ ಒಂದು ಮತ್ತು ಆರನೆಯದಕ್ಕೆ ಸಣ್ಣ ಬೋಲ್ಟ್ ಹಾಕಿದರೆ ಅಂಟಿಸುವಾಗ ಜಾರುವುದಿಲ್ಲ.

ಗೋಂದಿಗೆ ಕಂಜೂಸಿ ಬೇಡ. ಸಾಧಾರಣ ಬಿಳಿ ಗೋಂದು ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಏಪ್ರಿಲ್ ಮಧ್ಯಾಹ್ನ ಕಾರಿನಲ್ಲಿ ಗಿಟಾರ್ ಬಿಟ್ಟು ಕೆ.ಆರ್.ಎಸ್. ನೋಡಿಕೊಂಡು ಬಂದರೆ ಕಥೆ ಮುಗಿಯಿತು. ಕಾಯಿಸಿ ಹಚ್ಚುವ ಚರ್ಮದ ಗೋಂದು ಅಥವಾ ಹಳದಿ ಗೋಂದು ಬಳಸಿ. ಒಳಗೆ ಆಧಾರಕ್ಕೆ ಮರದ ತುಂಡು ಕೊಟ್ಟು ಮೂರು ಕ್ಲ್ಯಾಂಪ್ ಹಾಕಿ, 24 ಗಂಟೆ ಬಿಡಿ. ಹೊರಬಂದ ಗೋಂದನ್ನು ಕೂಡಲೇ ತೇವದ ಬಟ್ಟೆಯಲ್ಲಿ ಒರೆಸಿ.

ನಟ್, ತಂತಿ, ಕತ್ತಿನ ಬಾಗು

ನಟ್‌ಗೆ ಮೂಳೆ ಚೆನ್ನ. ಜಾಡು ಬಿಡಿಸುವಾಗ ತಂತಿಗಳ ನಡುಗೆರೆ ಅಲ್ಲ, ತಂತಿಗಳ ಮಧ್ಯದ ಖಾಲಿ ಜಾಗ ಸಮ ಇರಬೇಕು. ಇಲ್ಲದಿದ್ದರೆ ದಪ್ಪ ತಂತಿಗಳು ಒತ್ತೊತ್ತಾಗಿ ಕಾಣುತ್ತವೆ. ಗಿಟಾರ್ ನಟ್ ಅರಗಳು ದುಬಾರಿ. ಗ್ಯಾಸ್ ವೆಲ್ಡಿಂಗ್ ಸಾಮಾನು ಮಾರುವಲ್ಲಿ ನಳಿಕೆ ಕ್ಲೀನ್ ಮಾಡುವ ಸಣ್ಣ ಸಣ್ಣ ಅರಗಳ ಕಟ್ಟು ಸಿಗುತ್ತದೆ. ನಾನು ಅದರಲ್ಲೇ ಕೆಲಸ ಸಾಗಿಸುತ್ತೇನೆ. ಜಾಡು ಬಿರಡೆ ಕಡೆಗೆ ಇಳಿಜಾರಾಗಿರಲಿ. ಸದ್ಯಕ್ಕೆ ಆಳ ಕಡಿಮೆಯೇ ಇರಲಿ.

ಸ್ಯಾಡಲ್ ಎತ್ತರವಾಗೇ ಇಟ್ಟು ತಂತಿ ಕಟ್ಟಿ. ತಂತಿಯ ಗುಂಡನ್ನು ತೂತಿಗಿಳಿಸಿ, ಪಿನ್ ಹಾಕಿ, ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ಪಿನ್ ತುದಿಯಲ್ಲಿ ಅಲ್ಲ, ಒಳಗಿನ ಹಲಗೆಗೆ ಒರಗಿ ಕೂರಬೇಕು. ಮೊದಲ ದಿನ ಪೂರ್ತಿ ಶ್ರುತಿ ಬೇಡ, ಒಂದು ಸ್ವರ ಕೆಳಗೆ ನಿಲ್ಲಿಸಿ ರಾತ್ರಿ ಬಿಡಿ. ಮರುದಿನ ಪೂರ್ತಿ ಏರಿಸಿ. ಇನ್ನೆರಡು ದಿನ ಮರ ಹೊಂದಿಕೊಳ್ಳಲಿ.

ಇಲ್ಲಿಂದ ಕ್ರಮ ಬದಲಿಸಲೇಬಾರದು: ಕತ್ತಿನ ಬಾಗು, ನಟ್, ಸ್ಯಾಡಲ್, ಸ್ವರ.

ತಂತಿಯ ಎಳೆತಕ್ಕೆ ಕತ್ತು ಎಷ್ಟು ಬಾಗಿದೆ ಅಂತ ಅಳೆಯಲು ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು, ಬೇಕು. ಗಿಟಾರ್ ಅಂಗಡಿ ಹುಡುಕಬೇಡಿ, ಆಟೊಮೊಬೈಲ್ ಬಿಡಿಭಾಗದ ಅಂಗಡಿಗೆ ಹೋಗಿ. ಯಾದವಗಿರಿಯಲ್ಲಿ ಜಾವಾ ಬೈಕ್ ತಯಾರಾಗುತ್ತಿದ್ದ ಊರು ನಮ್ಮದು. ಎಂಜಿನ್‌ನ ಪಾಯಿಂಟ್ ಗ್ಯಾಪ್ ನೋಡುತ್ತಿದ್ದ ಹಳೇ ಮೆಕ್ಯಾನಿಕ್‌ಗಳ ಡಬ್ಬಿಯಲ್ಲಿ ಇದು ಇದ್ದೇ ಇರುತ್ತದೆ. ಆರನೇ ತಂತಿಯನ್ನು 1ನೇ ಮತ್ತು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 6 ಅಥವಾ 7ನೇ ಫ್ರೆಟ್ ಮೇಲಿನ ಸಂದು ನೋಡಿ. 0.15ರಿಂದ 0.25 ಮಿ.ಮೀ. ಇರಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ತಂತಿ ಎತ್ತರ ಇಳಿಸಲು ಟ್ರಸ್ ರಾಡ್ ತಿರುಗಿಸುವವರು ಬಹಳ ಜನ. ಅದು ಆ ಕೆಲಸಕ್ಕೆ ಇರುವುದಲ್ಲ.

ಈಗ ನಟ್. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ, 1ನೇ ಫ್ರೆಟ್ ಮೇಲೆ ನೋಡಿ. ಒಂದು ಕಾಗದ ತೂರುವಷ್ಟು ಸಂದು ಸಾಕು. ಎರಡು ಉಜ್ಜು, ಒಂದು ನೋಟ. ಆಳ ಹೆಚ್ಚಾಗಿ ತೆರೆದ ತಂತಿ ಗುಂಯ್‌ಗುಟ್ಟಿದರೆ ಮೂಳೆ ಪುಡಿ ತುಂಬಿ ಸೂಪರ್ ಗ್ಲೂ ಹನಿ ಬಿಟ್ಟು ಮತ್ತೆ ಕೊರೆಯಬಹುದು.

ಸ್ಯಾಡಲ್ ಮತ್ತು ಸ್ವರ

12ನೇ ಫ್ರೆಟ್ ಮೇಲೆ ತಂತಿಯ ತಳದವರೆಗೆ ಅಳೆಯಿರಿ. ಒಂದನೇ ತಂತಿ 1.8ರಿಂದ 2 ಮಿ.ಮೀ., ಆರನೆಯದು 2.4ರಿಂದ 2.6. ಜೋರಾಗಿ ಬಾರಿಸುವವರಿಗೆ ಇನ್ನೂ ಸ್ವಲ್ಪ ಮೇಲೆ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ತಳದಿಂದ 1 ಮಿ.ಮೀ. ಉಜ್ಜಬೇಕು. ತಳ ಪೂರ್ತಿ ಸಮತಟ್ಟಾಗಿರಲಿ, ಕಚ್ಚಿನಲ್ಲಿ ಅಲುಗಾಡದೆ ಕೂರಲಿ.

ಗುಂಯ್ ಸದ್ದು ಎಲ್ಲಿ ಬರುತ್ತದೆ ಎನ್ನುವುದರಲ್ಲೇ ಕಾರಣ ಇದೆ. ತೆರೆದ ತಂತಿಯಲ್ಲಿ ಮಾತ್ರ ಬಂದರೆ ನಟ್. ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಬಂದರೆ ಬಾಗು ಸಾಲದು. 10ರ ಮೇಲೆ ಬಂದರೆ ಸ್ಯಾಡಲ್ ತಗ್ಗು. ಒಂದೇ ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎತ್ತರ. ತಂಬೂರಿಯಲ್ಲಿ ಇದೇ ಗುಂಯ್ ಬರಲೆಂದು ಜೀವಾಳದ ನೂಲು ಕೊಡುತ್ತೇವೆ, ಇಲ್ಲಿ ಅದನ್ನೇ ಓಡಿಸಲು ಒದ್ದಾಟ.

ಕೊನೆಗೆ ಸ್ವರ. 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಬರುವ ಹಾರ್ಮೋನಿಕ್ ಸದ್ದು, ಅಲ್ಲೇ ಒತ್ತಿ ಬರುವ ಸದ್ದು, ಎರಡನ್ನೂ ಮೊಬೈಲ್ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ತಲೆಯ ಏಣನ್ನು ಹಿಂದಕ್ಕೆ ಉಜ್ಜಿ, ಇಳಿದಿದ್ದರೆ ಮುಂದಕ್ಕೆ. ಎರಡನೇ ತಂತಿಗೆ ಸಾಮಾನ್ಯವಾಗಿ ಒಂದನೆಯದಕ್ಕಿಂತ ಹಿಂದೆ ಬೇಕಾಗುತ್ತದೆ. ಹೊಸ ತಂತಿ ಹಾಕಿಯೇ ಇದನ್ನು ಮಾಡಿ.

ಮಳೆ, ಬೇಸಿಗೆ

ಮರ ಇಲ್ಲಿಗೆ ಸುಮ್ಮನಾಗುವುದಿಲ್ಲ. ಮಳೆಗಾಲದಲ್ಲಿ ಮುಂದಿನ ಹಲಗೆ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಮಾರ್ಚ್ ಮಧ್ಯಾಹ್ನಗಳಲ್ಲಿ ಒಣಗಿ ಕುಗ್ಗುತ್ತದೆ, ತಂತಿ ಇಳಿದು ಗುಂಯ್ ಅನ್ನುತ್ತದೆ, ಫ್ರೆಟ್ ತುದಿಗಳು ಹೊರಗೆ ಚುಚ್ಚುತ್ತವೆ. ಬೇಸಿಗೆಯಲ್ಲಿ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜ್ ಹಾಕಿ ಪೆಟ್ಟಿಗೆಯೊಳಗಿಡಿ, ಗಿಟಾರ್‌ಗೆ ತಾಗದ ಹಾಗೆ.

ಇನ್ನೊಂದು, ಮೂಳೆ ಕತ್ತರಿಸುವ ದಿನವೇ ಎರಡು ಸ್ಯಾಡಲ್ ಮಾಡಿಕೊಳ್ಳಿ, ಒಂದು ಇನ್ನೊಂದಕ್ಕಿಂತ ಅರ್ಧ ಮಿಲಿಮೀಟರ್ ಗಿಡ್ಡ. ನನ್ನವುಗಳ ತಳದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಗಿಡ್ಡದ್ದರ ಮೇಲೆ "ಮಳೆ", ಎತ್ತರದ್ದರ ಮೇಲೆ "ಬೇಸಿಗೆ". ಈಗ ಹಾಕಿರುವುದು ಗಿಡ್ಡದ್ದು.